ಕಂಪೈಲರ್‌ಗೆ ಪ್ಲಗಿನ್ ಬೇಕಾ, ಬೇಡವಾ?

ಹೆಬ್ಬಾಳ ಅಂದ ಕೂಡಲೇ ಬೆಂಗಳೂರಿನ ಫ್ಲೈಓವರ್ರು, ಟ್ರಾಫಿಕ್ಕು ನೆನಪಾಗುವವರು ಸ್ವಲ್ಪ ತಡೆಯಿರಿ. ನಾವು ಹೇಳ್ತಿರೋದು ಮೈಸೂರಿನ ಹೆಬ್ಬಾಳ. ಇನ್ಫೋಸಿಸ್ ಕ್ಯಾಂಪಸ್ಸು, ಕೆರೆ, ಕೈಗಾರಿಕಾ ಪ್ರದೇಶದ ಒಳರಸ್ತೆಗಳಲ್ಲಿ ಸಣ್ಣಪುಟ್ಟ ಘಟಕಗಳು ಇರುವ ಹೆಬ್ಬಾಳ. ಕಳೆದ ರಜೆಯಲ್ಲಿ ನಮ್ಮ ಬಳಗದ ನಾಲ್ವರು ಅಲ್ಲಿನ ಒಂದು ಪುಟ್ಟ ಘಟಕದಲ್ಲಿ ಇಂಟರ್ನ್‌ಶಿಪ್ ಮಾಡಿದೆವು. ಹೊಲದ ಪಂಪ್‌ಸೆಟ್ಟಿಗೆ ಹಾಕುವ ಸ್ಟಾರ್ಟರ್ ಬೋರ್ಡು ಮಾಡುವ ಜಾಗ. ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸಬೇಕು, ಬಾವಿಯಲ್ಲಿ ನೀರಿಲ್ಲದಿದ್ದರೆ ನಿಲ್ಲಿಸಬೇಕು, ಕರೆಂಟ್ ಬಂದ ಮೇಲೆ ಸ್ವಲ್ಪ ಕಾದು ಶುರು ಮಾಡಬೇಕು. ಇಷ್ಟೇ ಕೆಲಸ. ಬೋರ್ಡಿನಲ್ಲಿದ್ದದ್ದು 16 ಕೆಬಿ ಫ್ಲ್ಯಾಶ್ ಇರುವ ಒಂದು ಅಗ್ಗದ ಚಿಪ್ಪು.

ಒಂದು ಸೋಮವಾರ ಬೆಳಗ್ಗೆ ಪ್ರೋಗ್ರಾಂ ಆ 16 ಕೆಬಿಯಲ್ಲಿ ಹಿಡಿಸಲಿಲ್ಲ. ಶನಿವಾರ ಹಿಡಿಸಿತ್ತು. ನಾವು ಒಂದು ಸಾಲನ್ನೂ ಬದಲಿಸಿರಲಿಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಗಿದ್ದು: ಚಿಪ್ ಕಂಪನಿಯವರು ಕೊಟ್ಟ ಕಂಪೈಲರ್‌ನ 60 ದಿನದ ಟ್ರಯಲ್ ಭಾನುವಾರಕ್ಕೆ ಮುಗಿದಿತ್ತು. ಟ್ರಯಲ್ ಮುಗಿದರೆ ಕಂಪೈಲರ್ ನಿಲ್ಲುವುದಿಲ್ಲ, ಆದರೆ ಆಪ್ಟಿಮೈಸ್ ಮಾಡುವುದನ್ನು ಬಿಟ್ಟುಬಿಡುತ್ತೆ. ದುಡ್ಡು ಕೊಟ್ಟರೆ ಮತ್ತೆ ಶುರು. ಆ ದುಡ್ಡು ನಮ್ಮಲ್ಲಿ ಒಬ್ಬರ ಒಂದು ಸೆಮಿಸ್ಟರ್ ಫೀಸಿಗೆ ಹತ್ತಿರ ಹತ್ತಿರ ಇತ್ತು. ಕಂಪನಿ ಹೆಸರು ಇಲ್ಲಿ ಬೇಡ, ಈ ವ್ಯವಹಾರ ಒಬ್ಬರೇ ಮಾಡುವಂಥದ್ದೂ ಅಲ್ಲ.

ತಮಾಷೆ ಇರೋದು ಮುಂದೆ. ಆ ಕಂಪೈಲರ್‌ಗೆ ನಿನ್ನ ಆವೃತ್ತಿ ಯಾವುದಪ್ಪಾ ಅಂತ ಕೇಳಿದರೆ ಅದು ಹೇಳಿದ್ದು ಜಿಸಿಸಿ ಅಂತ! ಮೊದಲ ವರ್ಷದ ಸಿ ಲ್ಯಾಬಿನಿಂದ ನಾವು ಬಳಸಿಕೊಂಡು ಬಂದಿರುವ, ಲಿನಕ್ಸ್ ಹಾಕಿದರೆ ಪುಕ್ಕಟೆ ಸಿಗುವ ಅದೇ ಜಿಸಿಸಿ. ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಹೊರತಂದ ಕಂಪೈಲರ್. ಯಾರೂ ಬೀಗ ಹಾಕಬಾರದು ಅಂತಲೇ ಬರೆದ ತಂತ್ರಾಂಶಕ್ಕೆ ಬೀಗ ಹಾಕಿ ನಮಗೇ ಮಾರುತ್ತಿದ್ದಾರಲ್ಲ ಅನ್ನುವ ಸಿಟ್ಟಿನಲ್ಲಿ ಹಾಸ್ಟೆಲ್‌ಗೆ ಬಂದೆವು. ಅವತ್ತು ಶುರುವಾದ ಜಗಳ ನಮ್ಮ ಬಳಗದಲ್ಲಿ ಇನ್ನೂ ಮುಗಿದಿಲ್ಲ. ಜಗಳದ ವಿಷಯ ಹಳೆಯದು: ಸ್ವತಂತ್ರ ಕಂಪೈಲರ್ ಒಂದಕ್ಕೆ ಹೊರಗಿನವರು ಪ್ಲಗಿನ್ ಸೇರಿಸಲು ಬಿಡಬೇಕಾ, ಬೇಡವಾ? ಜಿಸಿಸಿ ಬಳಗ ಇದರ ಮೇಲೆ ವರ್ಷಗಟ್ಟಲೆ ಜಗಳವಾಡಿ 2009-10ರಲ್ಲಿ ಒಂದು ತೀರ್ಮಾನಕ್ಕೆ ಬಂತು. ಆ ತೀರ್ಮಾನ ಸರಿ, ಆದರೆ ಬಹಳ ತಡವಾಗಿ ಬಂತು, ಆ ತಡಕ್ಕೆ ತೆತ್ತ ಬೆಲೆ ದೊಡ್ಡದು ಅಂತ ನಮಗನ್ನಿಸುತ್ತೆ. ಯಾಕೆ ಅಂತ ಹೇಳ್ತೀವಿ.

ಮೊದಲು ಪ್ಲಗಿನ್ ಅಂದರೇನು ಅನ್ನೋದನ್ನ ನೋಡೋಣ. ಮಂಡ್ಯದ ಕಡೆಯವರಿಗೆ ಆಲೆಮನೆ ಗೊತ್ತಿರುತ್ತೆ. ಗಾಣಕ್ಕೆ ಕಬ್ಬು ಕೊಟ್ಟರೆ ಹಾಲು ಬರುತ್ತೆ, ಕೊಪ್ಪರಿಗೆಯಲ್ಲಿ ಕುದಿಯುತ್ತೆ, ಕೊನೆಗೆ ಅಚ್ಚಿಗೆ ಬೀಳುತ್ತೆ. ಕಂಪೈಲರ್ ಕೂಡ ಹಾಗೇ ಮೂರು ಹಂತ. ಮುಂದಿನ ಭಾಗ ನಾವು ಬರೆದ ಸಿ ಅಥವಾ ಸಿ++ ಅನ್ನು ಓದುತ್ತೆ. ನಡುವಿನ ಭಾಗ ಅದನ್ನು ತನ್ನದೇ ಒಂದು ಒಳರೂಪಕ್ಕೆ ತಂದು ಬೇಡದ್ದನ್ನು ತೆಗೆದು ಹದ ಮಾಡುತ್ತೆ. ಜಿಸಿಸಿಯಲ್ಲಿ ಈ ಒಳರೂಪದ ಹೆಸರು ಜಿಂಪಲ್, ಅದು 2005ರ 4.0 ಆವೃತ್ತಿಯಿಂದ ಇದೆ. ಹಿಂದಿನ ಭಾಗ ಇಂಟೆಲ್ಲೋ ಆರ್ಮೋ ಯಾವುದು ಬೇಕೋ ಆ ಚಿಪ್ಪಿನ ಅಚ್ಚಿಗೆ ಹುಯ್ಯುತ್ತೆ. ಪ್ಲಗಿನ್ ಅಂದರೆ ಈ ಕೊಪ್ಪರಿಗೆಯ ಹತ್ತಿರ ನಮ್ಮದೊಂದು ಸೌಟು ಹಿಡಿದು ನಿಲ್ಲೋದು. ಕಂಪೈಲರ್‌ನ ಲಕ್ಷಗಟ್ಟಲೆ ಸಾಲುಗಳ ಮೂಲ ಕೋಡನ್ನು ಮುಟ್ಟದೆ, ಪ್ರತ್ಯೇಕವಾಗಿ ಬರೆದ ಒಂದು ಸಣ್ಣ ಕಡತವನ್ನು ಕಂಪೈಲ್ ಮಾಡುವಾಗ ಜೊತೆಗೆ ಕೊಟ್ಟರೆ ಸಾಕು, ಅದು ಒಳರೂಪವನ್ನು ನೋಡಬಹುದು, ಎಚ್ಚರಿಕೆ ಕೊಡಬಹುದು, ಬೇಕಾದರೆ ಬದಲಿಸಲೂಬಹುದು.

ಇದರಲ್ಲಿ ಹೆದರೋಕೆ ಏನಿದೆ? ಸೌಟಿನ ಬದಲು ಪೈಪ್ ತಂದರೆ ಏನು ಮಾಡೋದು, ಅದೇ ಹೆದರಿಕೆ. ಯಾರೋ ಒಬ್ಬರು ಪ್ಲಗಿನ್ ಮೂಲಕ ಒಳರೂಪವನ್ನು ಹೊರಗೆ ಹರಿಸಿಕೊಂಡು ಹೋಗಿ, ತಮ್ಮ ಮುಚ್ಚಿಟ್ಟ ಹಿಂಭಾಗಕ್ಕೆ ಕೊಟ್ಟು, ಸ್ವತಂತ್ರ ತಂತ್ರಾಂಶದ ಅರ್ಧ ದುಡಿಮೆಯ ಮೇಲೆ ಖಾಸಗಿ ಕಂಪೈಲರ್ ಕಟ್ಟಿ ಮಾರಬಹುದು. ಜಿಸಿಸಿಗಿರುವ ಜಿಪಿಎಲ್ ಪರವಾನಗಿ ಪ್ರಕಾರ ಅದನ್ನು ಬದಲಿಸಿ ಹಂಚುವವರು ಬದಲಾವಣೆಯ ಮೂಲವನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಆದರೆ ಎರಡು ಬೇರೆ ಬೇರೆ ಪ್ರೋಗ್ರಾಂಗಳು ನಡುವೆ ಒಂದು ಕಡತವನ್ನು ಮಾತ್ರ ಹಂಚಿಕೊಂಡರೆ ಅದು ಬದಲಾವಣೆಯೋ ಅಲ್ಲವೋ ಅನ್ನೋದು ವಕೀಲರ ಪ್ರಶ್ನೆ. ಸ್ಟಾಲ್ಮನ್ ಆ ಪ್ರಶ್ನೆ ಹುಟ್ಟದ ಹಾಗೆ ನೋಡಿಕೊಳ್ಳಲು ಹೊರಟರು. ಜಿಸಿಸಿಯ ಒಳರೂಪವನ್ನು ಹೊರಗೆ ಸುಲಭವಾಗಿ ಕೊಡಬೇಡಿ, ಪ್ಲಗಿನ್ ಬೇಡ ಅಂದರು.

ನಮ್ಮಲ್ಲಿ ಕೆಲವರು ಇದನ್ನು ಕೇಳಿ ನಕ್ಕರು. ಅವರಿಗೆ ನಾವು ಹೇಳಿದ್ದು ನೆಕ್ಸ್ಟ್ ಕಂಪನಿಯ ಕತೆ. ಆಪಲ್ ಬಿಟ್ಟು ಹೊರಬಂದ ಸ್ಟೀವ್ ಜಾಬ್ಸ್ ಕಟ್ಟಿದ ಆ ಕಂಪನಿ ಜಿಸಿಸಿಗೆ ಆಬ್ಜೆಕ್ಟಿವ್-ಸಿ ಭಾಷೆಯ ಮುಂಭಾಗವನ್ನು ಬರೆಯಿತು. ಮೂಲ ಕೊಡುವುದು ಅವರಿಗೆ ಇಷ್ಟವಿರಲಿಲ್ಲ. ನಮ್ಮ ಭಾಗವನ್ನು ಕಂಪೈಲ್ ಆದ ಕಡತವಾಗಿ ಕೊಡ್ತೀವಿ, ಬಳಸುವವರೇ ತಮ್ಮ ಮನೆಯಲ್ಲಿ ಜಿಸಿಸಿಗೆ ಜೋಡಿಸಿಕೊಳ್ಳಲಿ ಅಂದರು. ಸ್ಟಾಲ್ಮನ್ ವಕೀಲರನ್ನು ಕೇಳಿ ಆಗಲ್ಲ ಅಂದರು. ಕೊನೆಗೆ ನೆಕ್ಸ್ಟ್ ಮೂಲವನ್ನು ಕೊಡಬೇಕಾಯ್ತು. ಸಿ++ ಕತೆಯೂ ಇದಕ್ಕೆ ಹತ್ತಿರದ್ದೇ. ಎಂಸಿಸಿ ಅನ್ನುವ ಉದ್ದಿಮೆಗಳ ಒಕ್ಕೂಟದಲ್ಲಿ ಜಿಸಿಸಿಯನ್ನೇ ಬುನಾದಿ ಮಾಡಿಕೊಂಡು ಸಿ++ ಕಂಪೈಲರ್ ಬರೆದರು, ಜಿಪಿಎಲ್ ಇದ್ದದ್ದರಿಂದ ಅದೂ ಎಲ್ಲರದ್ದಾಯ್ತು. ನಾವು ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ ದಿನಾ ಒತ್ತುವ ಜಿ++ ಹುಟ್ಟಿದ್ದು ಹಾಗೆ. ಅಂದರೆ ಮೂಲ ಕೊಡಲೇಬೇಕು ಅನ್ನುವ ಹಠಕ್ಕೆ ಫಲ ಇದೆ.

ಇಲ್ಲಿಯವರೆಗೆ ನಾವು ಸ್ಟಾಲ್ಮನ್ ಪಕ್ಷ. ಆದರೆ ನೆಕ್ಸ್ಟ್ ಮಣಿದದ್ದು ಪರವಾನಗಿಗೆ. ಜಿಸಿಸಿಯ ಒಳಗು ಅರ್ಥವಾಗದಷ್ಟು ತೊಡಕಾಗಿತ್ತು ಅಂತ ಅಲ್ಲ. ಕಾನೂನಿನ ಬೇಲಿ ಬೇರೆ, ಕಷ್ಟದ ಬೇಲಿ ಬೇರೆ. ಕಾನೂನಿನ ಬೇಲಿ ಮೂಲ ಮುಚ್ಚಿಡುವವರನ್ನು ಮಾತ್ರ ತಡೆಯುತ್ತೆ. ಕಷ್ಟದ ಬೇಲಿ ಎಲ್ಲರನ್ನೂ ತಡೆಯುತ್ತೆ, ಅದರಲ್ಲೂ ಮೊದಲು ತಡೆಯೋದು ನಮ್ಮಂಥವರನ್ನ. ಹತ್ತು ಜನ ಎಂಜಿನಿಯರುಗಳಿಗೆ ಸಂಬಳ ಕೊಡುವ ಕಂಪನಿ ಎಂಥಾ ತೊಡಕಿನ ಕೋಡನ್ನಾದರೂ ಬಿಡಿಸಿಕೊಳ್ಳುತ್ತೆ. ಇಂಟರ್ನಲ್ಸ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆರೆಯುವ ವಿದ್ಯಾರ್ಥಿಗೆ ಅದು ಆಗುತ್ತಾ? ತಂತ್ರಾಂಶವನ್ನು ಓದಿ ತಿಳಿದು ಬದಲಿಸುವ ಹಕ್ಕು ಸ್ವತಂತ್ರ ತಂತ್ರಾಂಶದ ನಾಲ್ಕು ಸ್ವಾತಂತ್ರ್ಯಗಳಲ್ಲಿ ಒಂದು. ಆ ಸ್ವಾತಂತ್ರ್ಯವನ್ನು ಕಾಪಾಡಲಿಕ್ಕೆ ಓದೋದನ್ನೇ ಕಷ್ಟ ಮಾಡಿದರೆ ಏನು ಬಂತು?

ಆಗಿದ್ದೂ ಅದೇ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಅನ್ನುವ ವಿದ್ಯಾರ್ಥಿ ತನ್ನ ಗುರು ವಿಕ್ರಮ್ ಆಡ್ವೆ ಜೊತೆ 2000ದ ಹೊತ್ತಿಗೆ ಎಲ್‌ಎಲ್‌ವಿಎಂ ಶುರು ಮಾಡಿದ, 2003ರಲ್ಲಿ ಮೊದಲ ಬಿಡುಗಡೆ ಆಯ್ತು. ಅದರ ಒಳರೂಪವನ್ನು ಕಡತವಾಗಿ ಬರೆದಿಡಬಹುದು, ಓದಬಹುದು, ಬೇರೆ ಸಲಕರಣೆಗೆ ಕೊಡಬಹುದು. ತುಂಡು ತುಂಡಾಗಿ ಬಿಚ್ಚಿ ಬೇಕಾದ್ದನ್ನು ಮಾತ್ರ ತಗೊಂಡು ಹೋಗಬಹುದು. ಜಿಸಿಸಿ ಯಾವುದನ್ನು ಬೇಡ ಅಂದಿತ್ತೋ ಅದನ್ನೇ ಇವರು ಬಾಗಿಲಲ್ಲಿ ಇಟ್ಟರು. ಪರವಾನಗಿಯೂ ಸಡಿಲ, ಬದಲಿಸಿದವರು ಮೂಲ ಕೊಡಬೇಕಾಗಿಲ್ಲ. 2005ರಲ್ಲಿ ಲ್ಯಾಟ್ನರ್ ಎಲ್‌ಎಲ್‌ವಿಎಂ ಅನ್ನು ಜಿಸಿಸಿಯ ಒಳಗೇ ಸೇರಿಸೋಣ, ಹಕ್ಕನ್ನೂ ಬರೆದುಕೊಡ್ತೀವಿ ಅಂತ ಮುಂದೆ ಬಂದಿದ್ದರು. ಅದು ಆಗಲಿಲ್ಲ. ಆ ಪ್ರಸ್ತಾಪ ತನ್ನ ಗಮನಕ್ಕೇ ಬಂದಿರಲಿಲ್ಲ ಅಂತ ಸ್ಟಾಲ್ಮನ್ ಸುಮಾರು ಹತ್ತು ವರ್ಷದ ಮೇಲೆ ಹೇಳಿದರು. ಇದನ್ನು ಓದಿದ ದಿನ ನಮ್ಮಲ್ಲೊಬ್ಬರು ಊಟ ಬಿಟ್ಟು ಎದ್ದರು ಅಂದರೆ ನಂಬ್ತೀರಾ? (ಮೆಸ್ಸಿನ ಊಟ, ಅದಕ್ಕೂ ಇರಬಹುದು.)

ಲ್ಯಾಟ್ನರ್ ಆಪಲ್ ಸೇರಿದರು. 2007ರಲ್ಲಿ ಆಪಲ್ ಕ್ಲ್ಯಾಂಗ್ ಅನ್ನುವ ಹೊಸ ಮುಂಭಾಗವನ್ನು ಬಿಡುಗಡೆ ಮಾಡಿತು. ನೆಕ್ಸ್ಟ್ ಕಂಪನಿಯನ್ನು ಕೊಂಡುಕೊಂಡಿದ್ದ ಅದೇ ಆಪಲ್, ಆಬ್ಜೆಕ್ಟಿವ್-ಸಿಯನ್ನೂ ಕಟ್ಟಿಕೊಂಡು ಜಿಸಿಸಿಯ ಮನೆಯಿಂದ ಮೆಲ್ಲಗೆ ಹೊರಗೆ ಹೋಯ್ತು. 2014ರ ಫ್ರೀಬಿಎಸ್‌ಡಿ 10ರಲ್ಲೂ ಕ್ಲ್ಯಾಂಗೇ ಮುಖ್ಯ ಕಂಪೈಲರ್ ಆಯ್ತು. ಸಂಶೋಧಕರಂತೂ ಗುಳೆ ಎದ್ದ ಹಾಗೆ ಆ ಕಡೆ ಹೋದರು. ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಲೂಪ್‌ಗಳನ್ನು ಗಣಿತದ ಆಕೃತಿಗಳಾಗಿ ನೋಡಿ ಹಲವು ಕೋರ್‌ಗಳಿಗೆ ಹಂಚುವ ಪ್ಲೂಟೋ ಸಲಕರಣೆಯಿಂದ ಹೆಸರಾದ, ಅಲ್ಲಿನ ಪ್ರೊ. ಉದಯ್ ಬೊಂಧುಗುಲ ಎಂಎಲ್‌ಐಆರ್ ಯೋಜನೆಯನ್ನು ಶುರುವಿನಲ್ಲಿ ಕಟ್ಟಿದವರಲ್ಲಿ ಒಬ್ಬರು. ಎಂಎಲ್‌ಐಆರ್ ಇವತ್ತು ಇರುವುದು ಎಲ್‌ಎಲ್‌ವಿಎಂ ಮನೆಯಲ್ಲಿ. ಎಐ ಚಿಪ್ಪುಗಳಿಗೆ ಕಂಪೈಲರ್ ಬರೆಯುವವರೆಲ್ಲ ಅದರ ಸುತ್ತ ಇದ್ದಾರೆ. ಇನ್ನೊಂದು ಕಡೆ ಐಐಟಿ ಮುಂಬಯಿಯ ಪ್ರೊ. ಉದಯ್ ಖೇಡ್ಕರ್ ಜಿಸಿಸಿಗೇ ಅಂಟಿಕೊಂಡು, ಜಿಸಿಸಿ ಸಂಪನ್ಮೂಲ ಕೇಂದ್ರ ಅಂತ ಮಾಡಿ, ಅದರ ಒಳಗನ್ನು ಬಿಡಿಸಿ ಹೇಳುವ ಕಾರ್ಯಾಗಾರಗಳನ್ನೇ ನಡೆಸಿದರು. ಯೋಚಿಸಿ: ಮೂಲ ಕೋಡ್ ಎಲ್ಲರ ಕೈಯಲ್ಲಿದ್ದರೂ ಅದರೊಳಗೆ ಕಾಲಿಡಲು ಒಬ್ಬ ಪ್ರೊಫೆಸರ್ ದಿನಗಟ್ಟಲೆ ಕಾರ್ಯಾಗಾರ ಮಾಡಬೇಕಾಯ್ತು.

ಹಾಗಾದರೆ ಎಲ್‌ಎಲ್‌ವಿಎಂ ಗೆದ್ದಿತು, ಜಿಪಿಎಲ್ ಹಠ ಸುಮ್ಮನೆ ದಂಡ ಅನ್ನುವವರೂ ನಮ್ಮಲ್ಲಿ ಇದ್ದಾರೆ. ಪ್ಲೇಸ್‌ಮೆಂಟ್ ಟ್ರೇನಿಂಗ್‌ಗೆ ಬಂದವರ ಬಾಯಲ್ಲೂ ಇದೇ ಮಾತು. ಇದನ್ನು ನಾವು ಒಪ್ಪಲ್ಲ. 2014ರ ಜನವರಿಯಲ್ಲಿ ಸ್ಟಾಲ್ಮನ್ ಎಲ್‌ಎಲ್‌ವಿಎಂ ಬಂದದ್ದು ಸ್ವಾತಂತ್ರ್ಯಕ್ಕೆ ದೊಡ್ಡ ಹಿನ್ನಡೆ ಅಂತ ಬರೆದಾಗ ಬೈದವರೇ ಹೆಚ್ಚು. ಆದರೆ ಏನಾಗಿದೆ ನೋಡಿ. ಎನ್ವಿಡಿಯಾ ತನ್ನ ಕುಡಾ ಕಂಪೈಲರ್‌ಗೆ ಎಲ್‌ಎಲ್‌ವಿಎಂ ಬಳಸುತ್ತೆ, ತನ್ನ ಭಾಗವನ್ನು ಮುಚ್ಚಿಟ್ಟಿದೆ. ಆರ್ಮ್ ಕಂಪನಿ ದುಡ್ಡಿಗೆ ಮಾರುವ ಆರ್ಮ್ ಕಂಪೈಲರ್ 6 ಕೂಡ ಕ್ಲ್ಯಾಂಗ್ ಮೇಲೆ ಕಟ್ಟಿದ್ದು. ಅವರು ಮಾಡಿದ್ದು ಪರವಾನಗಿ ಪ್ರಕಾರ ತಪ್ಪೇನಲ್ಲ. ಆದರೆ ಭಯ ಸುಳ್ಳಾಗಿರಲಿಲ್ಲ ಅನ್ನೋದಕ್ಕೆ ಇದು ಸಾಕು.

ಹೆಬ್ಬಾಳದ ನಮ್ಮ ಕತೆಯೂ ಇಲ್ಲೇ ಬರುತ್ತೆ. ಆ ಚಿಪ್ ಕಂಪನಿಯ ಕಂಪೈಲರ್ ಜಿಸಿಸಿ ಆಗಿದ್ದರಿಂದ, ಜಿಪಿಎಲ್ ಇದ್ದದ್ದರಿಂದ, ಅವರ ತಾಣದ ಮೂಲೆಯಲ್ಲೊಂದು ಕಡೆ ಮೂಲ ಕೋಡಿನ ಜಿಪ್ ಇಡಲೇಬೇಕಾಗಿತ್ತು, ಇಟ್ಟಿದ್ದರು. ಇಳಿಸಿಕೊಂಡೆವು. ಲೈಸೆನ್ಸ್ ಇದೆಯಾ ಇಲ್ಲವಾ ಅಂತ ಕಂಪೈಲರ್ ಪಕ್ಕದ ಒಂದು ಪುಟ್ಟ ಪ್ರೋಗ್ರಾಂ ಅನ್ನು ಕರೆದು ಕೇಳುತ್ತಿತ್ತು. ಕೇಳುವ ಆ ನಾಲ್ಕಾರು ಸಾಲು ತೆಗೆದು ಮತ್ತೆ ಕಟ್ಟಲು ಮೂರು ದಿನ ಹಿಡಿಯಿತು. ಎರಡು ದಿನ ಎರ್ರರ್ ನೋಡೋದರಲ್ಲೇ ಹೋಯ್ತು. ಕೊನೆಗೆ ಬೋರ್ಡಿನ ಪ್ರೋಗ್ರಾಂ 16 ಕೆಬಿಯೊಳಗೆ ಕೂತಿತು. ಅದೇ ಕಂಪೈಲರ್ ಸಡಿಲ ಪರವಾನಗಿಯದ್ದಾಗಿದ್ದರೆ ನಮಗೆ ಆ ಜಿಪ್ಪೇ ಸಿಗುತ್ತಿರಲಿಲ್ಲ. ಇಲ್ಲಿ ಇನ್ನೊಂದು ಅಂಶ ಇದೆ. ಈ ಬೀಗ ಬಂದದ್ದು ಪ್ಲಗಿನ್ ದಾರಿಯಿಂದಲ್ಲ. ಹತ್ತಾರು ವರ್ಷ ಪ್ಲಗಿನ್ ಬೇಡ ಅಂತ ಮುಚ್ಚಿಟ್ಟ ಬಾಗಿಲನ್ನು ಅವರು ಮುಟ್ಟಲೇ ಇಲ್ಲ, ಪಕ್ಕದ ಸಂದಿಯಿಂದ ಬಂದರು. ಕಷ್ಟದ ಬೇಲಿ ಅವರನ್ನು ತಡೆಯಲಿಲ್ಲ. ಜಿಪಿಎಲ್ ಒಂದೇ ನಮ್ಮ ಕೈಗೆ ಕೀಲಿ ಕೊಟ್ಟಿದ್ದು.

ಆದ್ದರಿಂದಲೇ ಜಿಸಿಸಿ ಬಳಗ ಕೊನೆಗೆ ಹಿಡಿದ ದಾರಿ ನಮಗೆ ಇಷ್ಟವಾಗೋದು. ಜಿಸಿಸಿಯಲ್ಲಿ ಕಂಪೈಲ್ ಮಾಡಿದ ಪ್ರೋಗ್ರಾಂಗೆ ಜಿಸಿಸಿಯದ್ದೇ ಒಂದಿಷ್ಟು ಸಣ್ಣ ಕೋಡು ಅಂಟಿಕೊಂಡು ಬರುತ್ತೆ, ಲಿಬ್‌ಜಿಸಿಸಿ ಅಂತಾರೆ. ಕಟ್ಟುನಿಟ್ಟಾಗಿ ನೋಡಿದರೆ ಆಗ ನಿಮ್ಮ ಪ್ರೋಗ್ರಾಮೂ ಜಿಪಿಎಲ್ ಆಗಬೇಕು. ಹಾಗಾಗದಿರಲಿ ಅಂತ ಒಂದು ವಿನಾಯಿತಿ ಮೊದಲಿಂದ ಇತ್ತು. 2009ರ ಜನವರಿ 27ರಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆ ವಿನಾಯಿತಿಯನ್ನೇ ಹೊಸದಾಗಿ ಬರೆಯಿತು. ಕಂಪೈಲ್ ಆಗುವ ದಾರಿಯಲ್ಲಿ ಜಿಸಿಸಿ ಮತ್ತು ಜಿಪಿಎಲ್‌ಗೆ ಹೊಂದುವ ಪ್ಲಗಿನ್‌ಗಳು ಮಾತ್ರ ಇದ್ದರೆ ವಿನಾಯಿತಿ ಉಂಟು, ನಿಮ್ಮ ಪ್ರೋಗ್ರಾಂ ನಿಮ್ಮಿಷ್ಟ. ನಡುವೆ ಜಿಪಿಎಲ್‌ಗೆ ಹೊಂದದ ಮುಚ್ಚಿಟ್ಟ ಪ್ಲಗಿನ್ ನುಸುಳಿದರೆ ವಿನಾಯಿತಿ ಇಲ್ಲ. ಅಂದರೆ ಮುಚ್ಚಿಟ್ಟ ಪ್ಲಗಿನ್ ಮಾರುವವರ ಗಿರಾಕಿಗೇ ಏಟು. ಅಂಥ ಪ್ಲಗಿನ್ ಯಾರು ಕೊಳ್ತಾರೆ? ಈ ಬೇಲಿ ಗಟ್ಟಿಯಾದ ಮೇಲೆ 2010ರ ಏಪ್ರಿಲ್‌ನಲ್ಲಿ ಬಂದ ಜಿಸಿಸಿ 4.5ರಲ್ಲಿ ಪ್ಲಗಿನ್‌ಗೆ ಬಾಗಿಲು ತೆರೆದರು. ಒಳಗೆ ಬರುವ ಪ್ರತಿ ಪ್ಲಗಿನ್ ತಾನು ಜಿಪಿಎಲ್‌ಗೆ ಹೊಂದುತ್ತೇನೆ ಅಂತ ಒಂದು ಸಾಲಿನ ಘೋಷಣೆ ಹೊತ್ತಿರಬೇಕು. ಇಲ್ಲದಿದ್ದರೆ ಜಿಸಿಸಿ ಅದನ್ನು ಹೊರಗೆ ಹಾಕುತ್ತೆ. ನಾವು ಬೇಕಂತಲೇ ಆ ಸಾಲು ಅಳಿಸಿ ನೋಡಿದೆವು, ಮುಲಾಜಿಲ್ಲದೆ ಬೈದು ನಿಂತಿತು.

ಬಾಗಿಲು ತೆರೆದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ಮೊದಮೊದಲು ಬಂದ ನೆಂಟರಲ್ಲಿ ಡ್ರ್ಯಾಗನ್‌ಎಗ್ ಅಂತ ಒಂದು. ಅದು ಜಿಸಿಸಿಯ ಮುಂಭಾಗ ಇಟ್ಟುಕೊಂಡು ಹಿಂದೆ ಎಲ್‌ಎಲ್‌ವಿಎಂ ಜೋಡಿಸುವ ಪ್ಲಗಿನ್. ಸ್ಟಾಲ್ಮನ್ ಹೆದರಿದ ಪೈಪು ಇದೇ ಅನ್ನಬಹುದು, ಆದರೆ ಅದರ ಮೂಲ ಎಲ್ಲರಿಗೂ ತೆರೆದಿತ್ತು. 2016ರ ಲಿನಕ್ಸ್ ಕರ್ನಲ್ 4.8ರಿಂದ ಕರ್ನಲ್ ಕಟ್ಟುವಾಗಲೇ ಜಿಸಿಸಿ ಪ್ಲಗಿನ್ ಬಳಸುವ ವ್ಯವಸ್ಥೆ ಬಂತು. ಸುರಕ್ಷತೆ ಮೇಲೆ ಕೆಲಸ ಮಾಡುವವರು ಬರೆದ ಪ್ಲಗಿನ್‌ಗಳು ಕರ್ನಲ್‌ನ ಸ್ಟ್ರಕ್ಚರ್‌ಗಳ ಒಳಗಿನ ಜೋಡಣೆಯನ್ನು ಕಲೆಸಿ ಹಾಕುತ್ತವೆ, ಸ್ಟ್ಯಾಕ್‌ನಲ್ಲಿ ಉಳಿದ ಹಳೆಯ ಕಸ ಒರೆಸುತ್ತವೆ. ಮುಚ್ಚಿದ ಬಾಗಿಲ ಹಿಂದೆ ಇವು ಹುಟ್ಟಬೇಕಾದರೆ ಪ್ರತಿಯೊಬ್ಬರೂ ತಮ್ಮದೊಂದು ಜಿಸಿಸಿ ಕಟ್ಟಿಕೊಂಡು ಕೂರಬೇಕಿತ್ತು.

ನಮ್ಮದೂ ಒಂದು ಪುಟ್ಟದಿದೆ. ಸ್ಟಾರ್ಟರ್ ಬೋರ್ಡಿನಲ್ಲಿ ಒಮ್ಮೆ ಇಂಟರಪ್ಟ್ ಫಂಕ್ಷನ್ನಿನ ಒಳಗೆ ಯಾರೋ (ಯಾರು ಅಂತ ಹೇಳಲ್ಲ) ಡಿಲೇ ಹಾಕಿದ್ದರು. ಮೋಟಾರ್ ನಿಲ್ಲಬೇಕಾದಾಗ ನಿಲ್ಲಲಿಲ್ಲ. ಬೆಂಚಿನ ಮೇಲಿದ್ದದ್ದು ಸಣ್ಣ ಮೋಟಾರ್, ಆದ್ದರಿಂದ ಸುಟ್ಟ ವಾಸನೆಯಷ್ಟಕ್ಕೇ ಮುಗಿಯಿತು. ಹೊಲದಲ್ಲಿ ಆಗಿದ್ದರೆ ಒಬ್ಬ ರೈತನ ಮೋಟಾರ್ ರಿವೈಂಡಿಂಗ್ ಖರ್ಚು, ಬೇಸಿಗೆಯಾದರೆ ಅಷ್ಟು ದಿನ ಬೆಳೆಗೆ ನೀರಿಲ್ಲ. ಅದಾದ ಮೇಲೆ ಇಂಟರಪ್ಟ್ ಒಳಗಿನಿಂದ ಡಿಲೇ ಕರೆದರೆ ಎರ್ರರ್ ಕೊಡುವ ಪ್ಲಗಿನ್ ಬರೆದೆವು. ನೂರು ಸಾಲೂ ಇಲ್ಲ. ಲೆಕ್ಸ್, ಯಾಕ್ ಲ್ಯಾಬಿನಲ್ಲಿ ಬಾಯಿಪಾಠ ಮಾಡಿ ವೈವಾದಲ್ಲಿ ಒಪ್ಪಿಸಿದ ಪಾರ್ಸ್ ಟ್ರೀ, ಬೇಸಿಕ್ ಬ್ಲಾಕ್ ಅನ್ನುವ ಪದಗಳೆಲ್ಲ ಮೊದಲ ಸಲ ಕಣ್ಣೆದುರು ನಿಜವಾಗಿ ಕಂಡವು. ಹಾಗಂತ ಹಾದಿ ಸುಗಮ ಅಂತ ಸುಳ್ಳು ಹೇಳಲ್ಲ. ಜಿಸಿಸಿ ಒಂದು ಆವೃತ್ತಿಗೆ ಬರೆದ ಪ್ಲಗಿನ್ ಮುಂದಿನದಕ್ಕೆ ಹಾಗೇ ಕೂರುತ್ತೆ ಅನ್ನೋ ಭರವಸೆ ಇಲ್ಲ. ಒಳಗಿನ ಹೆಸರುಗಳು ಬದಲಾಗ್ತಾ ಇರುತ್ತವೆ, ಹೊಂದಿಸಿಕೊಳ್ಳೋದು ನಮ್ಮ ತಲೆನೋವು. ಬಾಗಿಲು ತೆಗೆದರು, ಹೊಸ್ತಿಲು ಇನ್ನೂ ಎತ್ತರ ಇದೆ. ಎಲ್‌ಎಲ್‌ವಿಎಂ ಕಡೆಗೆ ಹೋಗುವ ಗೆಳೆಯರನ್ನು ಇದಕ್ಕೇ ನಾವು ಬೈಯಲ್ಲ.

ನಮ್ಮ ಬಳಗದಲ್ಲಿ ಒಬ್ಬರು ಇನ್ನೂ ಒಪ್ಪಿಲ್ಲ. 1990ರ ದಶಕದಲ್ಲೇ ಪ್ಲಗಿನ್ ಬಿಟ್ಟಿದ್ದರೆ ಜಿ++ ಕೂಡ ಯಾವುದೋ ಕಂಪನಿಯ ಮುಚ್ಚಿದ ಪ್ಲಗಿನ್ ಆಗಿ ಉಳಿಯುತ್ತಿತ್ತು ಅನ್ನೋದು ಅವರ ವಾದ. ವಿನಾಯಿತಿಯನ್ನು ತಿದ್ದುವ ಉಪಾಯ ಆಗಲೇ ಹೊಳೆದಿದ್ದರೆ ಹಾಗಾಗುತ್ತಿರಲಿಲ್ಲ ಅಂತ ನಾವು. ಆಗ ಹೊಳೆಯಲಿಲ್ಲವಲ್ಲ ಅಂತ ಅವರು. ಈ ಜಾಗದಲ್ಲಿ ಅವರನ್ನು ಸೋಲಿಸಲು ನಮಗೆ ಇನ್ನೂ ಆಗಿಲ್ಲ.

ಇನ್ನು ಹೆಬ್ಬಾಳ. ನಾವು ಕಟ್ಟಿದ ಕಂಪೈಲರ್ ಅನ್ನು ಘಟಕದ ಎಂಜಿನಿಯರ್ ಮೆಚ್ಚಿದರು, ಆದರೆ ಬಳಸಲಿಲ್ಲ. ಚಿಪ್ ಜೊತೆ ಬಂದ ಲೈಬ್ರರಿಯ ಷರತ್ತನ್ನು ಓದಿ ಅಂದರು. ಓದಿದೆವು. ಅದನ್ನು ಕಂಪನಿ ಕೊಟ್ಟ ಕಂಪೈಲರ್ ಜೊತೆ ಮಾತ್ರ ಬಳಸಬೇಕು ಅಂತ ಸಣ್ಣ ಅಕ್ಷರದಲ್ಲಿ ಇತ್ತು. ಕಂಪೈಲರ್‌ಗಷ್ಟೇ ಜಿಪಿಎಲ್, ಲೈಬ್ರರಿಗೆ ಇಲ್ಲ. ಈ ವರ್ಷದ ಬೋರ್ಡುಗಳಿಗೆ ಅವರು ದುಡ್ಡು ಕೊಟ್ಟು ಲೈಸೆನ್ಸ್ ತಗೊಂಡರು. ಮುಂದಿನ ಬೋರ್ಡಿಗೆ ಎಲ್ಲರಿಗೂ ಸಿಗುವ ಜಿಸಿಸಿಯಲ್ಲೇ ನಡೆಯುವ ಒಂದು ಆರ್ಮ್ ಚಿಪ್ಪು ಹಾಕೋಣ ಅಂತ ಈಗ ಸ್ಯಾಂಪಲ್ ತರಿಸಿದ್ದಾರೆ. ಡಿಲೇ ಹಿಡಿಯುವ ಪ್ಲಗಿನ್ನನ್ನು ಆ ಹೊತ್ತಿಗೆ ಹೊಸ ಜಿಸಿಸಿಗೆ ಹೊಂದಿಸಿ ಕೊಡಿ ಅಂತ ನಮಗೆ ಹೇಳಿ ಕಳಿಸಿದ್ದಾರೆ. ಅದರ ಮೂಲವನ್ನೂ, ಬರೆದ ಬಗೆಯನ್ನು ವಿವರಿಸುವ ಕನ್ನಡ ಟಿಪ್ಪಣಿಯನ್ನೂ ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ. ತಪ್ಪು ಕಂಡರೆ ಸಂಜೆ ಐದರ ಮೇಲೆ ನಾವು ಲ್ಯಾಬಿನಲ್ಲೇ ಇರ್ತೀವಿ, ಬನ್ನಿ.